ರಾಜನಿಲ್ಲದ ನಾಡಿನಲ್ಲಿ ರಾಜದ್ರೋಹ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಪತ್ರಿಕೆ ಓದಲು ಬರುವ ಬಂಧುಗಳ ನಡುವೆ ಈಚೆಗೆ ಒಂದು ಪ್ರಶ್ನೆ ಎದ್ದಿತು. ಇಲ್ಲಿ ಮುಂಬಯಿಯ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತರಾಗಿರುವ ಒಬ್ಬರಿಗೆ, ಸರಕಾರದ ಒಂದು ಧೋರಣೆಯನ್ನು ಖಂಡಿಸಿ ಬರೆದ ಮನವಿಗೆ ಸಹಿ ಹಾಕಬೇಕೆಂದು ಜೊತೆಯವರು ಕೇಳಿದ್ದರಂತೆ. ಸಹಿ ಹಾಕಲು ಇವರಿಗೆ ಮನಸ್ಸಿತ್ತು. ಕೈ ಮುಂದೆ ಬರಲಿಲ್ಲ. "ಇದು ರಾಜದ್ರೋಹವೆಂದು ಹಿಡಿದುಕೊಂಡು ಹೋದರೆ ಊರಲ್ಲಿರುವ ಹೆಂಡತಿ ಮಕ್ಕಳ ಗತಿಯೇನು?" ಎಂದು ಅವರು ನಮ್ಮನ್ನು ಕೇಳಿದರು. ಪಕ್ಕದಲ್ಲಿ ಕುಳಿತಿದ್ದ ಕ್ಯಾಂಟೀನ್ ಕೆಲಸದ ತರುಣನೊಬ್ಬ, "ಅಣ್ಣಾ, ಈಗ ರಾಜನೇ ಇಲ್ಲವಲ್ಲ, ರಾಜದ್ರೋಹ ಎಲ್ಲಿಂದ ಬಂತು?" ಎಂದ. ಎಲ್ಲರೂ ನಕ್ಕರು. ಆದರೆ ನಕ್ಕು ಬಿಟ್ಟುಬಿಡುವ ಮಾತಲ್ಲ ಅದು. ದೊಡ್ಡ ದೊಡ್ಡ ವಕೀಲರು ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದಿಸಿದ ಪ್ರಶ್ನೆಯ ತಿರುಳೂ ಅದೇ. ಆದಕಾರಣ ಈ ಸಂಚಿಕೆಯಲ್ಲಿ ಆ ವಿಷಯವನ್ನು ನಮಗೆ ತಿಳಿದಮಟ್ಟಿಗೆ ಬಿಡಿಸಿ ಹೇಳಲು ಯತ್ನಿಸುತ್ತೇವೆ.

ಪ್ರೀತಿ ಬೇಡಿದ ಕಾಯಿದೆ

ಆಂಗ್ಲರು ನಮ್ಮ ದೇಶಕ್ಕೆ ಒಂದೇ ದಂಡಸಂಹಿತೆ ಬೇಕೆಂದು ಯೋಚಿಸಿದಾಗ ಅದರ ಕರಡನ್ನು ಮೆಕಾಲೆಯ ಆಯೋಗವು ೧೮೩೭ರಲ್ಲಿ ಸಿದ್ಧಪಡಿಸಿತು. ಆ ಕರಡಿನಲ್ಲಿ ರಾಜದ್ರೋಹದ ಕಲಮು ಇತ್ತು. ಆದರೆ ೧೮೬೦ರಲ್ಲಿ ಸಂಹಿತೆಯು ಶಾಸನವಾದಾಗ ಆ ಕಲಮು ಅದರಲ್ಲಿ ಸೇರಲಿಲ್ಲ. ಹತ್ತು ವರ್ಷ ಕಳೆದ ಮೇಲೆ, ೧೮೭೦ರಲ್ಲಿ, ಕಾನೂನು ಸದಸ್ಯನಾಗಿದ್ದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬವನು ಅದನ್ನು ೧೨೪-ಎ ಎಂಬ ಸಂಖ್ಯೆಯಲ್ಲಿ ತಂದು ಸೇರಿಸಿದನು. ಈ 'ಎ' ಅಕ್ಷರವೇ ಕಲಮು ಹಿಂದಿನಿಂದ ಬಂದು ಸೇರಿತೆಂಬುದರ ಗುರುತು.

ಕಲಮಿನ ಸಾರ ಇಷ್ಟು: ಕಾನೂನಿನಂತೆ ಸ್ಥಾಪಿತವಾದ ಸರಕಾರದ ವಿಷಯದಲ್ಲಿ ಜನರ ಮನಸ್ಸಿನಲ್ಲಿ ಅಪ್ರೀತಿಯನ್ನು ಹುಟ್ಟಿಸುವವನು ಅಪರಾಧಿ. ಮಾತಿನಿಂದಾಗಲಿ, ಬರಹದಿಂದಾಗಲಿ, ಸನ್ನೆಯಿಂದಾಗಲಿ ಹುಟ್ಟಿಸಿದರೂ ಸರಿ. ಅತ್ಯಧಿಕ ಶಿಕ್ಷೆ ಆಜನ್ಮ ಕರಿನೀರು. 'ಅಪ್ರೀತಿ' ಎಂಬ ಈ ಮಾತನ್ನು ಓದುಗರು ಸ್ವಲ್ಪ ಗಮನಿಸಬೇಕು. ಕಳವಿಗೆ ಕಳವಾದ ಸಾಮಾನು ಉಂಟು, ಹೊಡೆದಾಟಕ್ಕೆ ಗಾಯ ಉಂಟು. ಅಪ್ರೀತಿಗೆ ಏನು ಗುರುತು? ಅದನ್ನು ಅಳೆಯುವ ತಕ್ಕಡಿ ಎಲ್ಲಿದೆ? ತಕ್ಕಡಿ ಆಳುವವನ ಕೈಯಲ್ಲೇ ಇತ್ತು.

ಅದು ಹೇಗೆ ತೂಗಿತೆಂಬುದನ್ನು ನಮ್ಮ ಮುಂಬಯಿಯೇ ಕಂಡಿದೆ. ಚರ್ಚ್‌ಗೇಟಿನಲ್ಲಿ ಇಳಿದು ಫೋರ್ಟ್ ಭಾಗದ ಕಚೇರಿಗಳಿಗೆ ನಡೆದುಹೋಗುವ ನಮ್ಮವರು ಓವಲ್ ಮೈದಾನದ ಅಂಚಿನಲ್ಲಿರುವ ಹೈಕೋರ್ಟಿನ ಕಲ್ಲುಕಟ್ಟಡವನ್ನು ನಿತ್ಯ ನೋಡುತ್ತಾರೆ. ಲೋಕಮಾನ್ಯ ತಿಲಕರ ಮೇಲಿನ ರಾಜದ್ರೋಹದ ಖಟ್ಲೆಗಳು ನಡೆದದ್ದು ಅಲ್ಲಿಯೇ. ಮೊದಲನೆಯದು ೧೮೯೭ರಲ್ಲಿ. ಪ್ಲೇಗಿನ ಕಾಲದ ಕಠಿಣ ಕ್ರಮಗಳಿಂದ ಜನ ರೋಸಿದ್ದ ಸಮಯದಲ್ಲಿ 'ಕೇಸರಿ'ಯಲ್ಲಿ ಬಂದ ಬರಹಗಳು ಅಪರಾಧವೆನಿಸಿದವು. ನ್ಯಾಯಮೂರ್ತಿ ಸ್ಟ್ರೇಚಿಯವರು ಜೂರಿಗೆ ಕೊಟ್ಟ ವಿವರಣೆಯಂತೆ ಅಪ್ರೀತಿಯೆಂದರೆ ಪ್ರೀತಿ ಇಲ್ಲದಿರುವುದು. ದಂಗೆ ಎದ್ದಿರಬೇಕೆಂಬ ನಿಯಮವೇನೂ ಇಲ್ಲ. ಜೂರಿಯಲ್ಲಿ ಆರು ಮಂದಿ ಐರೋಪ್ಯರು ಅಪರಾಧಿಯೆಂದರು, ಮೂವರು ಭಾರತೀಯರು ನಿರಪರಾಧಿಯೆಂದರು. ತಿಲಕರಿಗೆ ಹದಿನೆಂಟು ತಿಂಗಳ ಸಜೆ ಆಯಿತು. ಮರುವರ್ಷ, ೧೮೯೮ರಲ್ಲಿ, ಸರಕಾರವು ಕಲಮನ್ನೇ ತಿದ್ದಿ ದ್ವೇಷ, ತಿರಸ್ಕಾರ ಎಂಬ ಮಾತುಗಳನ್ನೂ ಸೇರಿಸಿತು.

ಎರಡನೆಯ ಖಟ್ಲೆ ೧೯೦೮ರಲ್ಲಿ. ಈ ಸಲ ಜೂರಿಯ ಅಭಿಪ್ರಾಯ ಏಳಕ್ಕೆ ಎರಡು. ಶಿಕ್ಷೆ ಆರು ವರ್ಷಗಳ ಗಡೀಪಾರು. ತಿಲಕರನ್ನು ಬರ್ಮಾದ ಮಂಡಾಲೆಗೆ ಒಯ್ದರು. ಆಗ ಮುಂಬಯಿಯ ಗಿರಣಿ ಕಾಮಗಾರರು ಆರು ದಿನ ಕೆಲಸ ನಿಲ್ಲಿಸಿದರು. ಶಿಕ್ಷೆಯ ಒಂದೊಂದು ವರ್ಷಕ್ಕೆ ಒಂದೊಂದು ದಿನ. ಓದು ಬರಹ ಬಾರದ ಕೆಲಸಗಾರನಿಗೂ ಈ ಕಾಯಿದೆಯ ಅರ್ಥ ತಿಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೂರನೆಯದು ನಮ್ಮ ನಾಡಿಗೂ ಸಂಬಂಧಿಸಿದ್ದು. ೧೯೧೬ರಲ್ಲಿ ತಿಲಕರು ಬೆಳಗಾವಿಯಲ್ಲಿ ಒಂದು, ಬಳಿಕ ಅಹಮದನಗರದಲ್ಲಿ ಎರಡು ಭಾಷಣ ಮಾಡಿದರು. ಆ ಭಾಷಣಗಳು ರಾಜದ್ರೋಹಕರವೆಂದು ಆರೋಪಿಸಿ, ಒಳ್ಳೆಯ ನಡತೆಗೆ ಇಪ್ಪತ್ತು ಸಾವಿರ ರೂಪಾಯಿಗಳ ಮುಚ್ಚಳಿಕೆ ಬರೆದುಕೊಡಬೇಕೆಂದು ಪುಣೆಯ ಮ್ಯಾಜಿಸ್ಟ್ರೇಟರು ಆಜ್ಞಾಪಿಸಿದರು. ತಿಲಕರ ಪರವಾಗಿ ಜಿನ್ನಾ ಅವರು ವಾದಿಸಿದರು. ಸ್ವರಾಜ್ಯ ಕೇಳುವುದು, ಅಧಿಕಾರಿಗಳನ್ನು ಟೀಕಿಸುವುದು ಬೇರೆ, ದ್ರೋಹ ಬೇರೆ ಎಂಬುದು ವಾದದ ತಿರುಳು. ಹೈಕೋರ್ಟು ಭಾಷಣಗಳನ್ನು ಇಡಿಯಾಗಿ ಓದಿ ಆ ಆಜ್ಞೆಯನ್ನು ರದ್ದುಪಡಿಸಿತು. ಒಂದೇ ಕಲಮು, ಒಂದೇ ಕೋರ್ಟು, ಒಬ್ಬರೇ ಆಪಾದಿತರು. ಎರಡು ಸಲ ಸೆರೆ, ಮೂರನೆಯ ಸಲ ಬಿಡುಗಡೆ. ಕಾಯಿದೆಯ ಮಾತು ಎಷ್ಟು ಸಡಿಲವಾಗಿತ್ತೆಂದು ಇದರಿಂದ ತಿಳಿಯಬಹುದು.

೧೯೨೨ರ ಮಾರ್ಚ್ ೧೮ರಂದು ಅಹಮದಾಬಾದಿನಲ್ಲಿ ಗಾಂಧೀಜಿಯವರ ಸರದಿ ಬಂದಿತು. 'ಯಂಗ್ ಇಂಡಿಯಾ'ದ ಮೂರು ಲೇಖನಗಳ ಮೇಲೆ ಆರೋಪ. ಅವರು ವಾದವನ್ನೇ ಹೂಡದೆ ತಪ್ಪೊಪ್ಪಿಕೊಂಡರು. ಪ್ರೀತಿಯನ್ನು ಕಾಯಿದೆಯಿಂದ ಉತ್ಪಾದಿಸಲು ಬಾರದು. ಹಿಂಸೆಗೆ ಪ್ರೇರಿಸದಿರುವ ತನಕ ತನಗಿರುವ ಅಪ್ರೀತಿಯನ್ನು ಹೇಳಿಕೊಳ್ಳಲು ಮನುಷ್ಯನಿಗೆ ಪೂರ್ಣ ಸ್ವಾತಂತ್ರ್ಯ ಇರಬೇಕು ಎಂಬುದು ಅವರ ಹೇಳಿಕೆಯ ತಾತ್ಪರ್ಯ. ನ್ಯಾಯಾಧೀಶ ಬ್ರೂಮ್‌ಫೀಲ್ಡರು ಗೌರವದಿಂದಲೇ ಆರು ವರ್ಷಗಳ ಶಿಕ್ಷೆ ಕೊಟ್ಟರು.

ಒಡೆಯ ಬದಲಾದ, ಕಾಯಿದೆ ಉಳಿಯಿತು

ಸ್ವಾತಂತ್ರ್ಯ ಬಂದಿತು. ಸಂವಿಧಾನದ ಕರಡಿನಲ್ಲಿ ವಾಕ್‌ಸ್ವಾತಂತ್ರ್ಯಕ್ಕೆ ಹಾಕಿದ್ದ ಮಿತಿಗಳಲ್ಲಿ ರಾಜದ್ರೋಹವೂ ಒಂದಾಗಿತ್ತು. ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಚರ್ಚೆಯಲ್ಲಿ ಕೆ. ಎಂ. ಮುನ್ಷಿಯವರು ಆ ಪದವನ್ನು ತೆಗೆದುಹಾಕಬೇಕೆಂಬ ತಿದ್ದುಪಡಿ ಮಂಡಿಸಿದರು. ಪ್ರಜಾಪ್ರಭುತ್ವದಲ್ಲಿ ಸರಕಾರವನ್ನು ಟೀಕಿಸುವುದು ಸ್ವಾಗತಾರ್ಹ. ರಾಜ್ಯವನ್ನೇ ಉರುಳಿಸುವ ಪ್ರಚೋದನೆ ಬೇರೆ. ಇವೆರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು ಎಂದು ಅವರು ವಾದಿಸಿದರು. ಪದವು ಬಿದ್ದುಹೋಯಿತು. ಇಂದು ಸಂವಿಧಾನದ ೧೯ನೆಯ ವಿಧಿಯನ್ನು ಎಷ್ಟು ಹುಡುಕಿದರೂ 'ರಾಜದ್ರೋಹ' ಎಂಬ ಮಾತು ಸಿಗದು.

ಆದರೆ ಸಂವಿಧಾನದಿಂದ ಹೋದದ್ದು ದಂಡಸಂಹಿತೆಯಿಂದ ಹೋಗಲಿಲ್ಲ. ಇಲ್ಲಿಯೇ ತೊಡಕು. ಆಂಗ್ಲರ ಕಾಲದಲ್ಲಿ ಸರಕಾರವು ಒಡೆಯ, ಜನರು ಪ್ರಜೆಗಳು. ಒಡೆಯನ ಮೇಲೆ ಆಳಿಗೆ ಪ್ರೀತಿ ಇರಬೇಕೆಂದು ಕಾಯಿದೆ ಹೇಳಿದರೆ ಅನ್ಯಾಯವಾದರೂ ಅದಕ್ಕೊಂದು ಅರ್ಥವಿತ್ತು. ನಮ್ಮ ಸಂವಿಧಾನದಲ್ಲಿ ಜನರೇ ಒಡೆಯರು. ಸರಕಾರವು ಐದು ವರ್ಷಗಳ ಮುದ್ದತಿಗೆ ನೇಮಿಸಿದ ಕಾರಭಾರಿ. ಕಾರಭಾರಿಯ ಮೇಲೆ ಪ್ರೀತಿ ಇಲ್ಲವೆಂದು ಹೇಳಿದ್ದಕ್ಕೆ ಯಜಮಾನನನ್ನು ಸೆರೆಗೆ ಹಾಕುವುದುಂಟೇ? ಚುನಾವಣೆಯಲ್ಲಿ ವಿರೋಧ ಪಕ್ಷದವರು ಮಾಡುವುದೆಲ್ಲ ಇದ್ದ ಸರಕಾರದ ಮೇಲೆ ಅಪ್ರೀತಿ ಹುಟ್ಟಿಸುವ ಕೆಲಸವೇ ತಾನೆ? ಕಲಮನ್ನು ಅದರ ಮಾತಿನಂತೆ ಓದಿದರೆ ಚುನಾವಣೆಯೇ ಅಪರಾಧವಾಗುತ್ತದೆ.

೧೯೫೧ರಲ್ಲಿ ಸಂವಿಧಾನದ ಮೊದಲನೆಯ ತಿದ್ದುಪಡಿಯಾಗಿ, ವಾಕ್‌ಸ್ವಾತಂತ್ರ್ಯದ ಮಿತಿಗಳಲ್ಲಿ 'ಸಾರ್ವಜನಿಕ ಸುವ್ಯವಸ್ಥೆ' ಎಂಬುದು ಸೇರಿತು. ಮಿತಿಗಳು 'ಸಮಂಜಸ'ವಾಗಿರಬೇಕೆಂಬ ಮಾತೂ ಸೇರಿತು. ಆ ಚರ್ಚೆಯಲ್ಲಿಯೇ ಪ್ರಧಾನಿ ನೆಹರೂ ಅವರು ೧೨೪-ಎ ಕಲಮು ಅತ್ಯಂತ ಆಕ್ಷೇಪಾರ್ಹವೆಂದೂ ಅದು ಬೇಗ ತೊಲಗಿದಷ್ಟು ಒಳ್ಳೆಯದೆಂದೂ ಹೇಳಿದರು. ಅದು ತೊಲಗಲಿಲ್ಲ. ಪಂಜಾಬ್ ಹೈಕೋರ್ಟು ಕಲಮು ಅಸಿಂಧುವೆಂದಿತು. ಪಾಟ್ನಾ ಹೈಕೋರ್ಟು ಸಿಂಧುವೆಂದಿತು. ಅಲಹಾಬಾದ್ ಹೈಕೋರ್ಟು ಮತ್ತೆ ಅಸಿಂಧುವೆಂದಿತು. ಒಂದೇ ದೇಶದಲ್ಲಿ ಒಂದೂರಿಗೆ ಒಂದು ನ್ಯಾಯವಾಯಿತು.

೧೯೬೨ರ ತೀರ್ಪು

ಕೊನೆಗೆ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಬಿಹಾರದ ಬರೌನಿಯಲ್ಲಿ ೧೯೫೩ರಲ್ಲಿ ಆಳುವ ಪಕ್ಷವನ್ನು ಕಟುವಾಗಿ ನಿಂದಿಸಿ ಭಾಷಣ ಮಾಡಿದ ಕೇದಾರನಾಥ ಸಿಂಗ್ ಎಂಬವರಿಗೆ ಒಂದು ವರ್ಷದ ಶಿಕ್ಷೆಯಾಗಿತ್ತು. ಈ ಮೊಕದ್ದಮೆಯ ಜೊತೆಗೆ ಬೇರೆ ಕೆಲವನ್ನೂ ಸೇರಿಸಿಕೊಂಡು ಐವರು ನ್ಯಾಯಮೂರ್ತಿಗಳ ಪೀಠವು ೧೯೬೨ರ ಜನವರಿ ೨೦ರಂದು ತೀರ್ಪು ಕೊಟ್ಟಿತು.

ಪೀಠದ ಮುಂದೆ ಎರಡು ದಾರಿ ಇದ್ದವು. ಕಲಮನ್ನು ಅದರ ಮಾತಿನಂತೆ ಓದಿದರೆ ಸಂವಿಧಾನಕ್ಕೆ ವಿರುದ್ಧವಾಗುತ್ತದೆ. ಆಗ ಅದನ್ನು ಹೊಡೆದುಹಾಕಬೇಕು. ಇಲ್ಲವೇ ಅರ್ಥವನ್ನು ಕಿರಿದು ಮಾಡಿ ಸಂವಿಧಾನದ ಅಳತೆಗೆ ತರಬೇಕು. ಪೀಠವು ಎರಡನೆಯ ದಾರಿ ಹಿಡಿಯಿತು. ಎಷ್ಟೇ ಖಾರವಾದ ಮಾತಾದರೂ ಬರೀ ಟೀಕೆ ರಾಜದ್ರೋಹವಲ್ಲ. ಹಿಂಸೆಗೆ ಪ್ರಚೋದಿಸುವ, ಇಲ್ಲವೆ ಸಾರ್ವಜನಿಕ ಸುವ್ಯವಸ್ಥೆಯನ್ನು ಕೆಡಿಸುವ ಉದ್ದೇಶ ಅಥವಾ ಪ್ರವೃತ್ತಿ ಇರುವ ಮಾತು ಮಾತ್ರ ಅಪರಾಧ ಎಂದು ತೀರ್ಮಾನಿಸಿತು. ಅರವತ್ತು ವರ್ಷ ದೇಶದ ಕಾನೂನು ಇದೇ ಆಗಿತ್ತು. ೧೯೮೪ರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯಾದ ದಿನವೇ ಚಂಡೀಗಢದ ಒಂದು ಸಿನೆಮಾ ಮಂದಿರದ ಎದುರು ಪ್ರತ್ಯೇಕತೆಯ ಘೋಷಣೆ ಕೂಗಿದವರನ್ನು ಸಹ ಸುಪ್ರೀಂ ಕೋರ್ಟು ೧೯೯೫ರಲ್ಲಿ ಬಿಡುಗಡೆ ಮಾಡಿತು. ಒಂದೆರಡು ಸಲ ಕೂಗಿದ ಘೋಷಣೆಗೆ ಯಾರೂ ಓಗೊಡಲಿಲ್ಲ, ಯಾವ ಗಲಭೆಯೂ ಆಗಲಿಲ್ಲ ಎಂಬುದು ಅದಕ್ಕೆ ಕಾರಣ.

ಹಾಗಾದರೆ ಚಿಂತೆ ಏತಕ್ಕೆ? ತೀರ್ಪು ಒಳ್ಳೆಯದೇ. ಆದರೆ ತೀರ್ಪು ಇರುವುದು ಕಾನೂನು ವರದಿಗಳ ಸಂಪುಟದಲ್ಲಿ. ಪೋಲೀಸ್ ಠಾಣೆಯ ಮೇಜಿನ ಮೇಲಿರುವುದು ಕಲಮಿನ ಪುಸ್ತಕ. ಕಲಮಿನ ಮಾತು ೧೯೬೨ರ ನಂತರವೂ ಒಂದಕ್ಷರ ಬದಲಾಗಲಿಲ್ಲ. ಅಷ್ಟೇ ಅಲ್ಲ, ಆಂಗ್ಲರ ಕಾಲದಲ್ಲಿ ವಾರಂಟಿಲ್ಲದೆ ಈ ಅಪರಾಧಕ್ಕೆ ಪೋಲೀಸರು ಹಿಡಿಯುವಂತಿರಲಿಲ್ಲ. ೧೯೭೩ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯು ಆ ಅಧಿಕಾರವನ್ನೂ ಕೊಟ್ಟಿತು. ವಿಚಾರಣೆಗೆ ಸರಕಾರದ ಪೂರ್ವಾನುಮತಿ ಬೇಕು, ನಿಜ. ಆದರೆ ಬಂಧನಕ್ಕೆ ಬೇಡ. ಹಿಡಿಯುವುದು ಮೊದಲು, ಅನುಮತಿಯ ವಿಚಾರ ಆಮೇಲೆ.

ಇದರ ಫಲವನ್ನು ಅಂಕಿಗಳಲ್ಲಿ ನೋಡಬಹುದು. ೨೦೧೪ರಿಂದ ೨೦೧೯ರ ವರೆಗೆ ದೇಶದಲ್ಲಿ ದಾಖಲಾದ ರಾಜದ್ರೋಹದ ಮೊಕದ್ದಮೆಗಳು ೩೨೬; ಶಿಕ್ಷೆಯಾದದ್ದು ಆರು ಜನರಿಗೆ. ಉಳಿದವರು ಏನಾದರು? ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ೨೦೨೦ರ ಜನವರಿಯಲ್ಲಿ ನಮ್ಮ ಬೀದರದಲ್ಲಿ ನಡೆದದ್ದನ್ನೇ ನೋಡಿರಿ. ಶಾಲೆಯೊಂದರ ಮಕ್ಕಳು ಪೌರತ್ವ ಕಾಯಿದೆಯ ಕುರಿತು ಆಡಿದ ನಾಟಕದ ಸಲುವಾಗಿ ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ಮುಖ್ಯೋಪಾಧ್ಯಾಯಿನಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಬಂಧಿಸಲಾಯಿತು. ಪೋಲೀಸರು ಮಕ್ಕಳನ್ನು ಮತ್ತೆ ಮತ್ತೆ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟು ಆ ಮೊಕದ್ದಮೆಯನ್ನು ರದ್ದುಪಡಿಸಿದ್ದು ೨೦೨೩ರ ಜೂನ್‌ನಲ್ಲಿ. ಕಾನೂನು ಗೆದ್ದಿತು ಎನ್ನಬಹುದು. ಆದರೆ ಆ ತಾಯಿ ಸೆರೆಮನೆಯಲ್ಲಿ ಕಳೆದ ದಿನಗಳನ್ನು, ಮಗಳು ತಾಯಿಯಿಲ್ಲದೆ ಕಳೆದ ರಾತ್ರಿಗಳನ್ನು ಯಾವ ಹೈಕೋರ್ಟು ರದ್ದುಪಡಿಸಬಲ್ಲದು?

ಹೊಸ ಹೆಸರು, ಹೊಸ ಕಲಮು

೨೦೨೧ರಲ್ಲಿ ಹಲವರು ಈ ಕಲಮನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಅವರಲ್ಲಿ ಮೈಸೂರಿನಲ್ಲಿ ನೆಲಸಿರುವ ನಿವೃತ್ತ ಮೇಜರ್ ಜನರಲ್ ಎಸ್. ಜಿ. ಒಂಬತ್ಕೆರೆಯವರು ಒಬ್ಬರು. ದೇಶಕ್ಕಾಗಿ ಸೈನ್ಯದಲ್ಲಿ ದುಡಿದವರೇ ಈ ಪ್ರಶ್ನೆ ಎತ್ತಿದರೆಂಬುದು ಗಮನಿಸತಕ್ಕ ಸಂಗತಿ. ತಾನೇ ಕಲಮನ್ನು ಮರುಪರಿಶೀಲಿಸುವುದಾಗಿ ಕೇಂದ್ರ ಸರಕಾರ ಹೇಳಿದ ಮೇಲೆ, ೨೦೨೨ರ ಮೇ ೧೧ರಂದು ಸುಪ್ರೀಂ ಕೋರ್ಟು, ಈ ಕಲಮಿನ ಕೆಳಗೆ ನಡೆಯುತ್ತಿದ್ದ ವಿಚಾರಣೆಗಳನ್ನು ತಡೆಹಿಡಿದು, ಹೊಸ ಮೊಕದ್ದಮೆ ದಾಖಲಿಸಬಾರದೆಂಬ ನಿರೀಕ್ಷೆಯನ್ನು ಸರಕಾರಗಳ ಮುಂದಿಟ್ಟಿತು. ೨೦೨೩ರಲ್ಲಿ ಕಾನೂನು ಆಯೋಗವು ಕಲಮು ಇರಲಿ, ಶಿಕ್ಷೆ ಹೆಚ್ಚಾಗಲಿ ಎಂದು ಶಿಫಾರಸು ಮಾಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೋರ್ಟು ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು.

ಈ ನಡುವೆ ದಂಡಸಂಹಿತೆಯೇ ಬದಲಾಯಿತು. ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. ಅದರಲ್ಲಿ ೧೨೪-ಎ ಇಲ್ಲ. ೧೫೨ನೆಯ ಕಲಮು ಇದೆ. ರಾಜದ್ರೋಹವನ್ನು ತೆಗೆದು ದೇಶದ್ರೋಹವನ್ನು ಇಟ್ಟಿದ್ದೇವೆಂಬ ಅರ್ಥದ ವಿವರಣೆ ಸಂಸತ್ತಿನಲ್ಲಿ ಬಂದಿತು. ನಾವು ನ್ಯಾಯವಾಗಿ ನೋಡೋಣ. ಹೊಸ ಕಲಮಿನಲ್ಲಿ 'ಸರಕಾರದ ಮೇಲಿನ ಅಪ್ರೀತಿ' ಎಂಬ ಮಾತು ಇಲ್ಲ. ಇದು ಸಣ್ಣ ಲಾಭವಲ್ಲ. ಕಾರಭಾರಿಯನ್ನು ಪ್ರೀತಿಸಬೇಕೆಂಬ ಕಟ್ಟಳೆ ಹೋಯಿತು. ಪ್ರತ್ಯೇಕತೆ, ಸಶಸ್ತ್ರ ಬಂಡಾಯ, ಬುಡಮೇಲು ಕೃತ್ಯಗಳಿಗೆ ಪ್ರಚೋದಿಸುವುದು, ದೇಶದ ಸಾರ್ವಭೌಮತ್ವ, ಏಕತೆ, ಅಖಂಡತೆಗಳಿಗೆ ಅಪಾಯ ತರುವುದು, ಇವು ಈಗಿನ ಅಪರಾಧ. ಅದನ್ನು ಉದ್ದೇಶಪೂರ್ವಕವಾಗಿ ಅಥವಾ ತಿಳಿದೂ ಮಾಡಿರಬೇಕು.

ಆದರೆ ನಷ್ಟದ ಕಡೆಯೂ ಇದೆ. 'ಬುಡಮೇಲು ಕೃತ್ಯ' ಎಂದರೇನು? 'ಏಕತೆಗೆ ಅಪಾಯ' ಎಂದರೆ ಎಷ್ಟು ಅಪಾಯ? ಕಲಮು ಹೇಳುವುದಿಲ್ಲ. ಹಿಂಸೆಗೆ ಪ್ರಚೋದನೆ ಇರಲೇಬೇಕೆಂಬ ೧೯೬೨ರ ಗೆರೆಯನ್ನು ಕಲಮಿನ ಮಾತಿನಲ್ಲಿಯೇ ಬರೆಯುವ ಅವಕಾಶ ಬಂದಿತ್ತು, ಬರೆಯಲಿಲ್ಲ. ಹಿಂದೆ ಜೀವಾವಧಿ ಇಲ್ಲವೆ ಮೂರು ವರ್ಷದ ತನಕ ಸಜೆ, ಅಥವಾ ಬರೀ ದಂಡವನ್ನೂ ಹಾಕಬಹುದಿತ್ತು. ಈಗ ಜೀವಾವಧಿ ಇಲ್ಲವೆ ಏಳು ವರ್ಷದ ತನಕ ಸಜೆ, ಮೇಲೆ ದಂಡ. ಬರೀ ದಂಡದಲ್ಲಿ ಮುಗಿಯುವಂತಿಲ್ಲ. ವಾರಂಟಿಲ್ಲದ ಬಂಧನ ಹಾಗೆಯೇ ಉಳಿದಿದೆ. ಜಾಮೀನು ಹಕ್ಕಿನಿಂದ ಸಿಗುವಂಥದಲ್ಲ. ವಿದ್ಯುನ್ಮಾನ ಸಂದೇಶಗಳ ಹೆಸರೂ ಕಲಮಿನಲ್ಲಿ ಸೇರಿರುವುದರಿಂದ ನಮ್ಮ ಕಿಸೆಯಲ್ಲಿರುವ ಫೋನೂ ಇದರ ವ್ಯಾಪ್ತಿಗೆ ಬಂದಿತು. ಈ ಕಲಮನ್ನು ನ್ಯಾಯವಾದ ಭಿನ್ನಾಭಿಪ್ರಾಯದ ಮೇಲೆ ಆಯುಧವಾಗಿ ಪ್ರಯೋಗಿಸಬಾರದೆಂದು ರಾಜಸ್ಥಾನ ಹೈಕೋರ್ಟು ೨೦೨೪ರಲ್ಲಿಯೇ ಎಚ್ಚರಿಸಿತು. ಒಂಬತ್ಕೆರೆಯವರು ಇದನ್ನೂ ಪ್ರಶ್ನಿಸಿದ್ದು, ೨೦೨೫ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಸರಕಾರಕ್ಕೆ ನೋಟೀಸು ಕೊಟ್ಟಿತು.

ರಾಜ್ಯಕ್ಕೆ ರಕ್ಷಣೆ ಬೇಡವೇ?

ಓದುಗರಲ್ಲಿ ಕೆಲವರು ಕೇಳಬಹುದು: ದೇಶವನ್ನು ಒಡೆಯಲು ಹೊರಟವರನ್ನು ಸುಮ್ಮನೆ ಬಿಡಬೇಕೇ? ಬಿಡಬೇಕೆಂದು ನಾವು ಹೇಳುವುದಿಲ್ಲ. ಬಂದೂಕು ಹಿಡಿದವನಿಗೂ ಹಿಡಿಸಿದವನಿಗೂ ಶಿಕ್ಷೆ ಆಗಲೇಬೇಕು. ಅದಕ್ಕೆ ಸರಕಾರದ ವಿರುದ್ಧ ಯುದ್ಧ ಹೂಡುವುದರ ಕಲಮು ಮೊದಲಿನಿಂದಲೂ ಇದೆ. ೧೯೬೭ರ ಕಾನೂನುಬಾಹಿರ ಚಟುವಟಿಕೆಗಳ ಕಾಯಿದೆಯೂ ಇದೆ. ಈ ಕಲಮನ್ನು ನಮಗೆ ಕೊಟ್ಟ ಇಂಗ್ಲೆಂಡು ತನ್ನ ದೇಶದಲ್ಲಿ ರಾಜದ್ರೋಹದ ಅಪರಾಧವನ್ನು ೨೦೦೯ರ ಶಾಸನದಿಂದ ತೆಗೆದುಹಾಕಿತು. ಅಲ್ಲಿ ಇಂದಿಗೂ ರಾಜನಿದ್ದಾನೆ, ರಾಜದ್ರೋಹ ಇಲ್ಲ. ರಾಜ್ಯವೇನೂ ಕುಸಿಯಲಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇದು. ಮಾತಿಗೂ ಹಿಂಸೆಗೂ ನಡುವಿನ ಗೆರೆ ಕಾಯಿದೆಯ ಪುಟದಲ್ಲಿಯೇ, ಠಾಣೆಯ ಹವಾಲ್ದಾರನಿಗೂ ಓದಲು ಸಿಗುವ ಹಾಗೆ, ಬರೆದಿರಬೇಕು. ಆ ಗೆರೆ ಇದ್ದರೆ ರಾಜ್ಯದ ರಕ್ಷಣೆಯ ಕಾಯಿದೆಯೂ ಸಂವಿಧಾನವೂ ಒಂದೇ ಸೂರಿನ ಕೆಳಗೆ ಬಾಳಬಹುದು. ಆ ಗೆರೆ ತೀರ್ಪುಗಳಲ್ಲಿ ಮಾತ್ರ ಇದ್ದರೆ, ದೊಡ್ಡ ವಕೀಲರನ್ನು ಇಡಬಲ್ಲವನಿಗೆ ಸಂವಿಧಾನ, ಇಡಲಾರದವನಿಗೆ ೧೮೭೦ ಎಂಬಂತಾಗುತ್ತದೆ. ಪರಊರಿನಲ್ಲಿ ದುಡಿಯುವ ನಮ್ಮಂಥವರು ಎರಡನೆಯ ಸಾಲಿನವರು. ವಾರ ಕಾಲ ಕೆಲಸ ತಪ್ಪಿದರೆ ಕೆಲಸವೇ ಹೋಗುತ್ತದೆ. ಖೋಲಿಯ ಬಾಡಿಗೆ ನಿಲ್ಲುತ್ತದೆ. ಊರಿಗೆ ಹೋಗುವ ಹಣವೂ ನಿಲ್ಲುತ್ತದೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಸರಕಾರದ ಧೋರಣೆಯನ್ನು ಖಂಡಿಸುವ ಮನವಿಗೆ ಸಹಿ ಹಾಕುವುದು ಅಪರಾಧವಲ್ಲ. ಕಾನೂನುಬದ್ಧ ರೀತಿಯಲ್ಲಿ ಸರಕಾರದ ಕ್ರಮಗಳನ್ನು ಬದಲಿಸಲೆಂದು ಅಸಮ್ಮತಿ ಸೂಚಿಸುವ ಮಾತನ್ನು ಹಳೆಯ ಕಲಮಿನ ವಿವರಣೆಯೂ ಬೇರೆಯಾಗಿ ಇಟ್ಟಿತ್ತು. ಹೊಸದರ ವಿವರಣೆಯಲ್ಲಿಯೂ ಅದರ ಉಲ್ಲೇಖವಿದೆ. ಸರಕಾರಿ ನೌಕರರಿಗೆ ಮಾತ್ರ ನಡತೆಯ ನಿಯಮಗಳು ಪ್ರತ್ಯೇಕವಾಗಿವೆ. ಅವರು ಅದನ್ನು ನೋಡಿಕೊಳ್ಳಬೇಕು. ಹಿಂಸೆಗೆ ಕರೆ ಕೊಡುವ ಕಾಗದಕ್ಕಾಗಲಿ ಸಂದೇಶಕ್ಕಾಗಲಿ ಯಾರೂ ಕೈ ಹಾಕಬಾರದು. ಓದದೆ ಸಹಿ ಮಾಡಬಾರದು, ಓದದೆ ಮುಂದಕ್ಕೆ ಕಳಿಸಲೂಬಾರದು.

ಒಂದು ವೇಳೆ ಯಾರನ್ನಾದರೂ ಬಂಧಿಸಿದರೆ, ಅದು ಯಾವ ಆರೋಪಕ್ಕೇ ಆಗಲಿ, ಸಂವಿಧಾನದ ೨೨ನೆಯ ವಿಧಿಯನ್ನು ನೆನಪಿಡಿರಿ. ಬಂಧನದ ಕಾರಣ ಹೇಳಬೇಕು; ತನ್ನ ಇಷ್ಟದ ವಕೀಲರನ್ನು ಕಾಣಲು ಬಿಡಬೇಕು; ಪ್ರಯಾಣದ ಹೊತ್ತು ಬಿಟ್ಟು ೨೪ ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೨೫ರ ನವೆಂಬರಿನಲ್ಲಿ, ನಮ್ಮ ಮುಂಬಯಿಯಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, ತೀರ್ಪು ಕೊಟ್ಟಿದೆ. ಕನ್ನಡವಷ್ಟೇ ಬಲ್ಲವನು ಕನ್ನಡದಲ್ಲಿ ಕೊಡಿರೆಂದು ಕೇಳಬಹುದು. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ.

ಆ ಗುಮಾಸ್ತ ಬಂಧುಗಳಿಗೆ ನಾವು ಇಷ್ಟನ್ನೇ ಹೇಳಿದೆವು. ಅವರು ಸಂವಿಧಾನದ ಕನ್ನಡ ಪ್ರತಿಯನ್ನು ಕಪಾಟಿನಿಂದ ತೆಗೆಸಿಕೊಂಡು ೧೯ನೆಯ ವಿಧಿಯನ್ನು ಎರಡು ಸಲ ಓದಿದರು. ಆಮೇಲೆ ಸಹಿ ಹಾಕಿದರೋ ಇಲ್ಲವೋ ನಾವು ಕೇಳಲಿಲ್ಲ. ಅದು ಅವರ ಇಷ್ಟಕ್ಕೆ ಬಿಟ್ಟದ್ದು. ಪುಸ್ತಕವು ಕಾನೂನು ವಿಭಾಗದ ಕಪಾಟಿನಲ್ಲಿದೆ. ಬೇಕಾದವರು ಸಂಜೆಯ ಹೊತ್ತು ಕೇಳಿ ಪಡೆದು ಇಲ್ಲಿಯೇ ಕುಳಿತು ಓದಬಹುದು.